ಗೆರೆ ದಾಟಿದ ಚೆಂಡು, ನಾವು ಮುಚ್ಚಿಟ್ಟ ಸಾಕ್ಷ್ಯ

ಸಾಕ್ಷ್ಯ ಎಂಬ ಪದವನ್ನು ಕೇಳಿದೊಡನೆ ನಮ್ಮ ಮನಸ್ಸು ನ್ಯಾಯಾಲಯದ ಕಡೆಗೆ, ಆಸ್ತಿಯ ವ್ಯಾಜ್ಯದ ಕಡೆಗೆ ಅಥವಾ ನಿಕಾಹ್‌ನ ದಫ್ತರದ ಕಡೆಗೆ ಹೋಗುತ್ತದೆ. ಹೈಸ್ಕೂಲು ಹುಡುಗರ ಫುಟ್ಬಾಲ್ ಪಂದ್ಯದಲ್ಲಿಯೂ ಮನುಷ್ಯನನ್ನು ಸಾಕ್ಷ್ಯಕ್ಕೆ ಕರೆಯಲಾಗುತ್ತದೆ ಎಂಬುದು ನಮಗೆ ತಿಳಿದಿರಲಿಲ್ಲ. ಕಳೆದ ವರ್ಷ ಮೈಸೂರಿನ ಒಂದು ಮೈದಾನದಲ್ಲಿ ಅದು ತಿಳಿಯಿತು. ತಿಳಿಸಿದವನು ನಮ್ಮದೇ ವಿದ್ಯಾರ್ಥಿ.

ಪ್ರತಿದಿನ ಫಜ್ರ್ ನಮಾಝಿನ ನಂತರ ಉದಯಗಿರಿಯ ಮಕ್ತಬ್‌ನಲ್ಲಿ ಮಕ್ಕಳಿಗೆ ದೀನಿನ ಪಾಠ, ಹಗಲು ಹೈಸ್ಕೂಲಿನಲ್ಲಿ ಕನ್ನಡ ಪಾಠ. ಇದು ನಮ್ಮ ಜೀವನಕ್ರಮ. ಮದ್ರಸಾದಲ್ಲಿ ಓದುತ್ತಿದ್ದ ಕಾಲದಲ್ಲಿ ಚೆಂಡಾಟವನ್ನು ಸಮಯದ ದುಂದುವೆಚ್ಚವೆಂದೇ ನಾವು ಎಣಿಸಿದ್ದೆವು. ಪ್ರವಾದಿ ಮುಹಮ್ಮದ್(ಸ)ರು ತಮ್ಮ ಪತ್ನಿ ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ್ದರು, ಒಮ್ಮೆ ಅವರು ಗೆದ್ದರೆ ಇನ್ನೊಮ್ಮೆ ಇವರು ಗೆದ್ದರು ಎಂಬ ಹದೀಸನ್ನು ಓದಿದ ಮೇಲೆ ಆ ಬಿಗುವು ಸಡಿಲವಾಯಿತು. ಆದರೂ ಮೈದಾನಕ್ಕೆ ಹೋಗುವ ಅಭ್ಯಾಸವಿರಲಿಲ್ಲ. ಅಂದು ಪಿ.ಟಿ. ಮೇಷ್ಟ್ರಿಗೆ ಜ್ವರ ಬಂದುದರಿಂದ ತಂಡವನ್ನು ಕರೆದುಕೊಂಡು ಹೋಗುವ ಹೊಣೆ ನಮ್ಮ ಮೇಲೆ ಬಿತ್ತು.

ಆಟದ ತಂತ್ರ ತಿಳಿಯದ ನಾವು ಬಸ್ಸಿನಲ್ಲಿ ಹುಡುಗರಿಗೆ ಇತಿಹಾಸವನ್ನು ಹೇಳಿದೆವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದದ್ದು, ಅದುವರೆಗೆ ಬ್ರಿಟಿಷ್ ಸೈನಿಕ ತಂಡಗಳ ಸೊತ್ತಿನಂತಿದ್ದ ಆ ಕಪ್ಪು ಮೊದಲ ಬಾರಿಗೆ ಭಾರತೀಯ ತಂಡದ ಕೈ ಸೇರಿದ್ದು. ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಿನಲ್ಲಿ ಆಡಿದ್ದು. 54 ವರ್ಷಗಳ ಕಾಯುವಿಕೆಯ ನಂತರ 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದದ್ದು. ಹುಡುಗರ ಕಣ್ಣುಗಳು ಅರಳಿದವು. 'ನಮ್ಮವರು' ಎಂಬ ಪದವನ್ನು ಆ ಹೊತ್ತು ನಾವು ಹಲವು ಬಾರಿ ಬಳಸಿದೆವು. ಅದೇ ಪದ ಸಂಜೆಯ ಹೊತ್ತಿಗೆ ನಮ್ಮ ನಾಲಿಗೆಯನ್ನು ಕಟ್ಟಿಹಾಕಲಿದೆ ಎಂದು ಆಗ ತಿಳಿದಿರಲಿಲ್ಲ.

ಎದುರಾಳಿಗಳು ನಂಜನಗೂಡಿನ ಕಡೆಯ ಒಂದು ಹಳ್ಳಿ ಶಾಲೆಯ ಹುಡುಗರು. ನಾಲ್ಕಾರು ಮಂದಿಯ ಬೂಟುಗಳು ಹರಿದಿದ್ದವು. ನಮ್ಮ ಹುಡುಗರು ಎತ್ತರದವರು, ಚೆಂಡನ್ನು ದೂರಕ್ಕೆ ಒದ್ದು ಅದರ ಹಿಂದೆ ಓಡುವ ಆಟ ಅವರದು. ಮೊದಲರ್ಧದಲ್ಲಿ ಅದು ಫಲಿಸಿತು. ಕಾರ್ನರ್‌ನಿಂದ ಬಂದ ಚೆಂಡಿಗೆ ನಮ್ಮ ಹುಡುಗನೊಬ್ಬ ತಲೆಕೊಟ್ಟು ಗೋಲು ಗಳಿಸಿದ. ವಿರಾಮದ ನಂತರ ಹಳ್ಳಿಯ ಹುಡುಗರು ಆಟದ ರೀತಿಯನ್ನೇ ಬದಲಿಸಿದರು. ಚೆಂಡನ್ನು ಮೇಲಕ್ಕೇಳಲು ಬಿಡದೆ, ಹತ್ತಿರ ಹತ್ತಿರ ನಿಂತು, ಒಬ್ಬರಿಂದ ಒಬ್ಬರಿಗೆ ನೆಲದ ಮೇಲೆಯೇ ಸಾಗಿಸತೊಡಗಿದರು. ನಮ್ಮವರು ಓಡಿ ಓಡಿ ದಣಿದರು. ಸಣಕಲು ಮೈಯ ಒಬ್ಬ ಹುಡುಗ ಇಬ್ಬರ ನಡುವಿನಿಂದ ನುಸುಳಿ ಸಮಬಲದ ಗೋಲು ಹೊಡೆದ. ಅಲ್ಲಿಂದ ಮುಂದೆ ಆಟವೆಲ್ಲ ಅವರದೇ. ನಮ್ಮನ್ನು ಉಳಿಸಿದ್ದು ನಮ್ಮ ಗೋಲ್‌ಕೀಪರ್ ಮಾತ್ರ.

ಕೊನೆಯ ನಿಮಿಷಗಳಲ್ಲಿ ಆ ಸಣಕಲು ಹುಡುಗ ಮತ್ತೆ ಚೆಂಡನ್ನು ಒದ್ದ. ಗೋಲ್‌ಕೀಪರ್ ನೆಲಕ್ಕೆ ಬಿದ್ದ. ಚೆಂಡು ಅವನನ್ನು ದಾಟಿ ಉರುಳಿತು. ನಮ್ಮ ರಕ್ಷಣಾ ಆಟಗಾರನೊಬ್ಬ ಹಿಂದಿನಿಂದ ಓಡಿಬಂದು ಅದನ್ನು ಹೊರಕ್ಕೆ ಒದ್ದ. ಇಡೀ ಚೆಂಡು ಇಡೀ ಗೆರೆಯನ್ನು ದಾಟಿದರೆ ಮಾತ್ರ ಗೋಲು ಎಂಬುದು ನಿಯಮ. ನಾವು ನೀರಿನ ಬಾಟಲಿಗಳ ಚೀಲ ಹಿಡಿದು ಗೋಲು ಗೆರೆಯ ನೇರಕ್ಕೇ ನಿಂತಿದ್ದೆವು. ಸುಣ್ಣದ ಪುಡಿಯ ಬಿಳಿ ಗೆರೆಗೂ ಚೆಂಡಿಗೂ ನಡುವೆ ಒಂದು ಗೇಣು ಕೆಂಪು ಮಣ್ಣು ಕಾಣುತ್ತಿತ್ತು.

ರೆಫರಿ ದೂರದಲ್ಲಿದ್ದರು. ಅವರಿಗೆ ಅದು ಕಾಣಲಿಲ್ಲ, ಅವರದೇನೂ ತಪ್ಪಿಲ್ಲ. ಎದುರು ತಂಡದ ಮೇಷ್ಟ್ರು ನಮ್ಮ ಬಳಿಗೆ ಓಡಿಬಂದು, "ಮೇಷ್ಟ್ರೇ, ನೀವು ಇಲ್ಲೇ ಇದ್ರಲ್ಲ, ನೀವೇ ಹೇಳಿ, ಗೋಲಲ್ವಾ?" ಎಂದು ಕೇಳಿದರು.

"ನಮಗೆ ಸರಿಯಾಗಿ ಕಾಣಲಿಲ್ಲ" ಎಂದೆವು.

ಅವರು ನಮ್ಮ ಗಡ್ಡವನ್ನೂ ಟೋಪಿಯನ್ನೂ ಒಂದು ಕ್ಷಣ ನೋಡಿ, ಮರುಮಾತನಾಡದೆ ಹಿಂತಿರುಗಿದರು. ಪಂದ್ಯ ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಅವರ ಒಂದು ಒದೆತವನ್ನು ನಮ್ಮ ಗೋಲ್‌ಕೀಪರ್ ತಡೆದ, ಇನ್ನೊಂದು ಕಂಬಕ್ಕೆ ಬಡಿಯಿತು. 4-3ರಿಂದ ನಾವು ಗೆದ್ದೆವು.

ಹಿಂದಿರುಗುವಾಗ ಬಸ್ಸಿನ ತುಂಬ ಸಂಭ್ರಮ. ಗೋಲ್‌ಕೀಪರ್ ಮಾತ್ರ ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದ. ದಣಿವೆಂದುಕೊಂಡೆವು. ಮರುದಿನ ಬೆಳಿಗ್ಗೆ ಮಕ್ತಬ್ ಮುಗಿದ ಮೇಲೆ ಅವನು ಒಬ್ಬನೇ ಉಳಿದ.

"ಹಝ್ರತ್, ನಿನ್ನೆ ಚೆಂಡು ಒಳಗೆ ಹೋಗಿತ್ತು. ನಾನು ಬಿದ್ದಿದ್ದೆನಲ್ಲ, ಅಲ್ಲಿಂದ ಕಾಣಿಸಿತು. ನಿಮಗೂ ಕಾಣಿಸಿರಬೇಕಲ್ವಾ?"

"ಕಂಡಿತ್ತು" ಎಂದೆವು. ಮತ್ತೊಂದು ಸುಳ್ಳು ಹೇಳುವ ಧೈರ್ಯ ಬರಲಿಲ್ಲ.

"ನಾನೇ ಹೇಳಬೇಕು ಅಂದ್ಕೊಂಡೆ, ಹುಡುಗರು ಬೈತಾರೆ ಅಂತ ಹೆದರಿದೆ. ಹೆಂಗೂ ನೀವಿದ್ದೀರಿ, ನೀವು ಹೇಳ್ತೀರಿ ಅಂದ್ಕೊಂಡು ಸುಮ್ಮನಾದೆ."

ಪ್ರಿಯ ಸಹೋದರರೇ, ಹದಿನೈದು ವರ್ಷದ ಬಾಲಕನ ಈ ಮಾತಿನಲ್ಲಿ ಆಕ್ಷೇಪವಿರಲಿಲ್ಲ, ನಂಬಿಕೆ ಇತ್ತು. ಅದಕ್ಕಾಗಿಯೇ ಅದು ಚುಚ್ಚಿತು. ಅದಕ್ಕೂ ಹಿಂದಿನ ವಾರವಷ್ಟೇ ಇದೇ ಮಕ್ಕಳಿಗೆ ಅನ್ನಿಸಾ ಅಧ್ಯಾಯದ 135ನೇ ಸೂಕ್ತವನ್ನು ವಿವರಿಸಿದ್ದೆವು. ನ್ಯಾಯದ ಪರವಾಗಿ ಗಟ್ಟಿಯಾಗಿ ನಿಂತು, ಸ್ವತಃ ನಮಗೆ ವಿರುದ್ಧವಾದರೂ, ತಂದೆತಾಯಿ ಬಂಧುಗಳಿಗೆ ವಿರುದ್ಧವಾದರೂ ಅಲ್ಲಾಹನಿಗಾಗಿ ಸಾಕ್ಷ್ಯ ನುಡಿಯಬೇಕೆಂಬುದು ಅಲ್ಲಿನ ಆದೇಶ. ಸಾಕ್ಷ್ಯವನ್ನು ಬಚ್ಚಿಡುವವನ ಹೃದಯವೇ ಪಾಪದಿಂದ ಕೂಡಿದೆ ಎಂಬ ಎಚ್ಚರಿಕೆ ಅಲ್‌ಬಕರಾ ಅಧ್ಯಾಯದಲ್ಲಿದೆ. ನಾಲಿಗೆ ಸುಮ್ಮನಿದ್ದರೂ ಪಾಪವು ಹೃದಯಕ್ಕೆ ಅಂಟುತ್ತದೆ ಎಂದು ನಾವೇ ಬೋರ್ಡಿನ ಮೇಲೆ ಬರೆದಿದ್ದೆವು.

ನೆಪಗಳು ನಮ್ಮಲ್ಲಿ ಬೇಕಾದಷ್ಟಿದ್ದವು. ತೀರ್ಪು ನೀಡುವುದು ರೆಫರಿಯ ಕೆಲಸ. ಇದು ಕೇವಲ ಆಟ. ನಮ್ಮ ಬಡಾವಣೆಯ ಹುಡುಗರಿಗೆ ಗೆಲುವು ಅಪರೂಪ. 2010ರ ವಿಶ್ವಕಪ್‌ನಲ್ಲಿ ಜರ್ಮನಿಯ ಎದುರು ಇಂಗ್ಲೆಂಡಿನ ಲ್ಯಾಂಪಾರ್ಡ್ ಒದ್ದ ಚೆಂಡು ಗೆರೆಯನ್ನು ಚೆನ್ನಾಗಿಯೇ ದಾಟಿದ್ದರೂ ಗೋಲು ಸಿಗಲಿಲ್ಲ ಎಂಬ ಉದಾಹರಣೆಯನ್ನೂ ಪಿ.ಟಿ. ಮೇಷ್ಟ್ರು ಒದಗಿಸಿದರು. ಅದಾದ ಮೇಲೆ ಗೋಲು ಗೆರೆಯನ್ನು ಕಾಯುವ ಯಂತ್ರಗಳು ಬಂದವು, 2014ರ ವಿಶ್ವಕಪ್‌ನಲ್ಲಿ ಅವು ಬಳಕೆಯಾದವು. ಶಾಲಾ ಹುಡುಗರ ಮೈದಾನದಲ್ಲಿ ಅಂಥ ಯಂತ್ರವಿಲ್ಲ. ಅಲ್ಲಿ ಅದರ ಸ್ಥಾನದಲ್ಲಿ ನಿಂತಿದ್ದವರು ನಾವು. ಪ್ರತಿಯೊಬ್ಬನ ಕರ್ಮವನ್ನು ಬರೆದಿಡುವ ಗೌರವಾನ್ವಿತ ಮಲಕ್‌ಗಳಲ್ಲಿ ವಿಶ್ವಾಸವಿರುವವರು ಯಂತ್ರವಿಲ್ಲದೆಡೆ ಸುಳ್ಳು ಹೇಳಿದ್ದೆವು.

ಅಕ್ರಮಿಯಾಗಿರಲಿ, ಅಕ್ರಮಕ್ಕೆ ಒಳಗಾದವನಾಗಿರಲಿ, ನಿನ್ನ ಸಹೋದರನಿಗೆ ನೆರವಾಗು ಎಂದು ಪ್ರವಾದಿ(ಸ)ರು ಹೇಳಿದಾಗ, ಅಕ್ರಮಿಗೆ ನೆರವಾಗುವುದು ಹೇಗೆಂದು ಅನುಚರರು ಕೇಳಿದರು. ಅವನನ್ನು ಅಕ್ರಮದಿಂದ ತಡೆಯುವುದೇ ಅವನಿಗೆ ನೀಡುವ ನೆರವು ಎಂಬ ಉತ್ತರ ಬುಖಾರಿಯಲ್ಲಿ ವರದಿಯಾಗಿದೆ. ಅಂದು ನಮ್ಮವರಿಗೆ ನಾವು ಮಾಡಬೇಕಿದ್ದ ನೆರವು ಇದೇ ಆಗಿತ್ತು.

ನಮಾಝಿನಲ್ಲಿ ಕಣ್ಣೀರು ಹಾಕಿ ತೌಬಾ ಮಾಡಿದರೆ ಮುಗಿಯಿತೇ? ಇಲ್ಲ. ಅಲ್ಲಾಹನಿಗೂ ದಾಸನಿಗೂ ನಡುವಿನ ತಪ್ಪು ಒಂದು ಬಗೆ; ಇನ್ನೊಬ್ಬ ಮನುಷ್ಯನ ಹಕ್ಕಿಗೆ ಸಂಬಂಧಿಸಿದ ತಪ್ಪು ಇನ್ನೊಂದು ಬಗೆ. ಎರಡನೆಯದರಲ್ಲಿ ಹಕ್ಕನ್ನು ಮರಳಿಸಬೇಕು, ಇಲ್ಲವೇ ಆ ವ್ಯಕ್ತಿಯಿಂದಲೇ ಕ್ಷಮೆ ಪಡೆಯಬೇಕು ಎಂದು ವಿದ್ವಾಂಸರು ಕಲಿಸಿದ್ದಾರೆ. ಪಂದ್ಯದ ಸಂಘಟಕರಿಗೆ ವಿಷಯ ತಿಳಿಸಿದೆವು. ರೆಫರಿಯ ತೀರ್ಪೇ ಅಂತಿಮವೆಂಬುದು ಆಟದ ನಿಯಮ, ಫಲಿತಾಂಶ ಬದಲಾಗದು ಎಂದರು. ಮರಳಿಸಲಾಗದ ಹಕ್ಕಿಗೆ ಉಳಿದದ್ದು ಒಂದೇ ದಾರಿ. ಸೋಮವಾರ ರಜೆ ಹಾಕಿ, ಗೋಲ್‌ಕೀಪರ್‌ನನ್ನೂ ಜೊತೆಗೆ ಕರೆದುಕೊಂಡು ಬಸ್ಸು ಹತ್ತಿದೆವು.

ಆ ಮೇಷ್ಟ್ರು ನಮ್ಮ ಮಾತನ್ನು ಕೊನೆಯವರೆಗೆ ಕೇಳಿದರು. "ರೆಫ್ರಿ ಹೇಳಿದ್ದಾಯ್ತಲ್ಲ ಮೇಷ್ಟ್ರೇ, ಈಗ ಏನ್ ಮಾಡಕ್ಕಾಯ್ತದೆ?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನೀವು ಕಾಣಲಿಲ್ಲ ಅಂದಿದ್ಕೆ ನಾನು ನನ್ನ ಹುಡುಗರನ್ನೇ ಬೈದುಬಿಟ್ಟೆ. ಸೋತ ಮೇಲೆ ಸುಳ್ಳು ತಕರಾರು ಮಾಡಬೇಡಿ ಅಂದೆ. ಅವರಿಗೆ ನೀವೇ ಹೇಳಿ" ಎಂದರು.

ನಮ್ಮ ಒಂದು ವಾಕ್ಯವು ನಿಜ ಹೇಳಿದ ಮಕ್ಕಳನ್ನು ಅವರ ಗುರುಗಳ ಮುಂದೆ ಸುಳ್ಳುಗಾರರನ್ನಾಗಿ ಮಾಡಿತ್ತು. ಗೋಲಿಗಿಂತ ದೊಡ್ಡ ನಷ್ಟ ಇದಾಗಿತ್ತು. ಇದು ನಮ್ಮ ಲೆಕ್ಕದಲ್ಲಿಯೇ ಇರಲಿಲ್ಲ.

ತರಗತಿಯಲ್ಲಿ ನಿಂತು, ಚೆಂಡು ಗೆರೆ ದಾಟಿದ್ದನ್ನು ನಾವು ಕಂಡಿದ್ದೆವು, ಕಂಡಿಲ್ಲವೆಂದದ್ದು ಸುಳ್ಳು, ನಮ್ಮನ್ನು ಕ್ಷಮಿಸಿ ಎಂದು ಹೇಳಿದೆವು. ಇಪ್ಪತ್ತು ವರ್ಷಗಳಿಂದ ತರಗತಿಗಳಲ್ಲಿ ಮಾತನಾಡುತ್ತಿರುವ ನಮಗೆ ಅಂದು ಧ್ವನಿ ಹೊರಡುವುದೇ ಕಷ್ಟವಾಯಿತು. ಆ ಸಣಕಲು ಹುಡುಗ ಎದ್ದುನಿಂತು, "ನಂಗೆ ಗೊತ್ತಿತ್ತು ಸಾರ್" ಎಂದಷ್ಟೇ ಹೇಳಿ ಕುಳಿತ. ಕ್ಷಮಿಸಿದೆನೆಂದು ಹೇಳಲಿಲ್ಲ, ಹೇಳೆಂದು ಕೇಳುವ ಅಧಿಕಾರ ನಮಗಿರಲಿಲ್ಲ. ಹೊರಗೆ ಬಂದಾಗ ನಮ್ಮ ಗೋಲ್‌ಕೀಪರ್ ಅವನೊಡನೆ ಜಗುಲಿಯ ಮೇಲೆ ಕುಳಿತು, ಪೆನಾಲ್ಟಿಯನ್ನು ಯಾವ ಕಡೆಗೆ ಹೊಡೆಯಬೇಕಿತ್ತು ಎಂದು ಚರ್ಚಿಸುತ್ತಿದ್ದ.

ಮುಂದಿನ ಸುತ್ತಿನಲ್ಲಿ ನಮ್ಮ ತಂಡ 0-3ರಿಂದ ಸೋತಿತು. ಇದನ್ನು ಶಿಕ್ಷೆಯೆಂದು ನಾವು ಹೇಳುವುದಿಲ್ಲ, ಎದುರಿನವರು ಚೆನ್ನಾಗಿ ಆಡಿದರು, ಅಷ್ಟೇ. ಮೊಹಲ್ಲಾದ ಹಿರಿಯರೊಬ್ಬರು, ಗೆದ್ದ ಮೇಲೆ ಅಲ್ಲಿಗೆ ಹೋಗಿ ಮಾನ ಕಳೆದುಕೊಂಡದ್ದೇಕೆ ಎಂದು ಕೇಳಿದರು. ಮಾನ ಹೋದದ್ದು ಅಲ್ಲಿಗೆ ಹೋದಾಗಲ್ಲ, ಮೈದಾನದಲ್ಲಿ ನಿಂತಾಗ ಎಂದೆವು. ಈಗಲೂ ಆ ಅಧ್ಯಾಯವನ್ನು ಮಕ್ತಬ್‌ನಲ್ಲಿ ಕಲಿಸುವಾಗ ಗೋಲ್‌ಕೀಪರ್ ಕುಳಿತಿದ್ದ ಮೂಲೆಯ ಕಡೆಗೆ ನೋಡುತ್ತೇವೆ.

ಕಂಡದ್ದನ್ನು ಕಂಡಂತೆ ಹೇಳುವ ಶಕ್ತಿಯನ್ನು, ಹೇಳದೆ ಉಳಿದಾಗ ಹಿಂದಿರುಗಿ ಹೋಗುವ ನಾಚಿಕೆಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.