ಹೊಸ ಅಕ್ಕಿಯ ಊಟ

ಮೀನಿಲ್ಲದ ಊಟವನ್ನು ಊಟವೆಂದೇ ಎಣಿಸದ ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ, ಹಬ್ಬದ ದಿನವೇ ಮೀನೂ ಮಾಂಸವೂ ಅಡಿಗೆಮನೆಯ ಹೊಸ್ತಿಲು ದಾಟುವುದಿಲ್ಲವೆಂದರೆ ಘಟ್ಟದ ಮೇಲಿನವರಿಗೆ ಆಶ್ಚರ್ಯವಾದೀತು. ನನಗೂ ಆಗಿತ್ತು. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನವರ ಜನ್ಮದಿನ. ಜಗತ್ತಿನ ಕ್ಯಾಥೊಲಿಕರೆಲ್ಲರಿಗೂ ಅದು ಹಬ್ಬವೇ. ಆದರೆ ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರು ಅದನ್ನು ಹೊಸ ಭತ್ತದ ತೆನೆಯೊಡನೆ ಹೆಣೆದುಬಿಟ್ಟಿದ್ದಾರೆ. ಕೊಂಕಣಿಯಲ್ಲಿ ಅದು ‘ಮೊಂತಿ ಫೆಸ್ತ್’, ತುಳುವಿನಲ್ಲಿ ‘ಕುರಲ್ ಪರ್ಬ’, ಕನ್ನಡದಲ್ಲಿ ತೆನೆಹಬ್ಬ.

ಮಂಗಳೂರಿನಿಂದ ಬಂಟ್ವಾಳಕ್ಕೆ ಹೋಗುವ ದಾರಿಯಲ್ಲಿ, ನೇತ್ರಾವತಿಯ ದಡದಲ್ಲಿ ಫರಂಗಿಪೇಟೆ ಇದೆ. ಅಲ್ಲಿನ ಗುಡ್ಡದ ಮೇಲೆ ಮೊಂತೆ ಮರಿಯಾನೊ ಎಂಬ ಇಗರ್ಜಿ. ‘ಮೊಂತೆ’ ಎಂದರೆ ಪೋರ್ಚುಗೀಸರ ಮಾತಿನಲ್ಲಿ ಬೆಟ್ಟ. ಗೋವೆಯಿಂದ ಬಂದ ಜೋಕಿಂ ಮಿರಾಂದ ಎಂಬ ಪಾದ್ರಿಗಳು 1763ರಲ್ಲಿ ಈ ಹಬ್ಬವನ್ನು ಇಲ್ಲಿ ಮೊದಲು ಮಾಡಿದರೆಂದು ಪ್ರತೀತಿ. ಮುಂದೆ 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದನು. 1799ರಲ್ಲಿ ಅವನು ಮಡಿದ ಮೇಲೆ, ಅಳಿದುಳಿದವರು ಮರಳಿ ಬಂದು ಮತ್ತೆ ಬೇಸಾಯಕ್ಕಿಳಿದರು. ಅಷ್ಟೆಲ್ಲ ಆದರೂ ಹಬ್ಬ ಉಳಿಯಿತು.

ನೆರೆಯ ತುಳುವರೂ ಸುಮಾರಾಗಿ ಈ ದಿನಗಳಲ್ಲಿಯೇ ತೆನೆಯನ್ನು ಮನೆ ತುಂಬಿಸಿ ಪುದ್ವಾರ್ ಊಟ ಮಾಡುತ್ತಾರೆ. ಮತ ಬದಲಾದರೂ ಗದ್ದೆ ಬದಲಾಗಲಿಲ್ಲವಷ್ಟೆ! ಪಾದ್ರಿಗಳು ಜನರ ಕೈಯಿಂದ ತೆನೆಯನ್ನು ಕಸಿದುಕೊಳ್ಳದೆ, ಅದನ್ನು ಮಾತೆಯ ಪಾದದ ಬಳಿ ಇಡಿಸಿದರು. ಇದು ಅವರ ಜಾಣತನವೆಂದು ಕೆಲವರು ಹೇಳುವುದುಂಟು. ನನಗೇನೋ ಅದು ಸೌಜನ್ಯವೆಂದೇ ತೋರುತ್ತದೆ.

ನಾನು ಹೋಗಿದ್ದುದು ನಗರದ ಹೊರವಲಯದಲ್ಲಿರುವ ಹಳೆಯ ಮಿತ್ರರೊಬ್ಬರ ಮನೆಗೆ. ಊರವರು ಅವರನ್ನು ಪೊರ್ಬುಗಳೆಂದೂ, ಅವರ ಮನೆಯಾಕೆಯನ್ನು ಬಾಯಮ್ಮನೆಂದೂ ಕರೆಯುತ್ತಾರೆ. ಸೋಣ ತಿಂಗಳ ಮಳೆ ಬಿಟ್ಟು ಬಿಟ್ಟು ಸುರಿಯುತ್ತಿತ್ತು. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತುಂಬಿಕೊಂಡು ಇಗರ್ಜಿಗೆ ಹೋಗುವುದು ರೂಢಿ. ಹಬ್ಬದ ಬೆಳಿಗ್ಗೆ ನಾವು ಹೋದಾಗ ಶಿಶು ಮರಿಯಮ್ಮನ ಪುಟ್ಟ ವಿಗ್ರಹವು ಕೇಪುಳ, ದಾಸವಾಳ, ಗೌರಿಹೂಗಳ ರಾಶಿಯಲ್ಲಿ ಅರ್ಧ ಮುಳುಗಿಯೇ ಹೋಗಿತ್ತು. ಬೇಲಿಯ ಹೂ, ತೋಟದ ಹೂ ಎಂಬ ಭೇದವಿರಲಿಲ್ಲ. ಹೂವೆರಚಿದ ಮಕ್ಕಳ ಕಣ್ಣು ಮಾತ್ರ ಅಂಗಳದ ಮೂಲೆಯ ಕಬ್ಬಿನ ಕಟ್ಟುಗಳ ಮೇಲೆಯೇ ಇತ್ತು. ಭಕ್ತಿಯ ಕೊನೆಗೆ ಕಬ್ಬಿದೆಯೆಂದು ಅವರಿಗೆ ಚೆನ್ನಾಗಿ ಗೊತ್ತು.

ಪಾದ್ರಿಗಳು ತೆನೆಯ ಕಟ್ಟುಗಳ ಮೇಲೆ ಪವಿತ್ರ ಜಲವನ್ನು ಚಿಮುಕಿಸಿದರು; ಮೆರವಣಿಗೆಯಾಯಿತು; ಪೂಜೆ ಮುಗಿದ ಮೇಲೆ ಮನೆಗೊಂದರಂತೆ ತೆನೆ ಹಂಚಿದರು. ಏಣಿಲು ಬೆಳೆಯ ತೆನೆ, ಇನ್ನೂ ಅರ್ಧ ಹಸಿರು. ಪೊರ್ಬುಗಳು ಅದನ್ನು ಕರವಸ್ತ್ರದಲ್ಲಿ ಸುತ್ತಿ ಎದೆಗವಚಿಕೊಂಡು ನಡೆದರು. ದಾರಿಯಲ್ಲಿ ನಾನು, “ನಿಮ್ಮ ಗದ್ದೆಯ ತೆನೆಯನ್ನೇ ತರುತ್ತಿದ್ದಿರಲ್ಲವೆ?” ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

ಅವರ ತಂದೆ ಗೇಣಿಯ ಒಕ್ಕಲು. 1974ರ ಭೂಸುಧಾರಣೆಯ ಕಾಯಿದೆಯಿಂದ ಉತ್ತ ಗದ್ದೆ ಅವರದಾಯಿತು. ಆದರೆ ಮುಂದೆ ಆಳುಗಳು ಸಿಗಲಿಲ್ಲ, ಮಕ್ಕಳು ಕೆಸರಿಗಿಳಿಯುವವರಲ್ಲ. ಪೊರ್ಬುಗಳು ಅದನ್ನು ಮಾರಿದರು. ಈಗ ಅಲ್ಲಿ ಮನೆಗಳೆದ್ದಿವೆ. ಮುಂಬಯಿಯಲ್ಲಿದ್ದ ಕಿರಿಯ ಮಗ, ತನ್ನನ್ನು ಒಂದು ಮಾತೂ ಕೇಳದೆ ಅಜ್ಜನ ಗದ್ದೆಯನ್ನು ಮಾರಿದರೆಂದು ಮುನಿದನು. “ಗದ್ದೆ ಬೇಕೆನ್ನುವವನು ಒಂದು ಮಳೆಗಾಲವಾದರೂ ಬಂದು ಉಳಬೇಕಿತ್ತು,” ಎಂದು ತಂದೆ. ಮೂರು ವರ್ಷಗಳಿಂದ ಇಬ್ಬರಿಗೂ ಮಾತಿಲ್ಲ. ಇದನ್ನೆಲ್ಲ ಆ ಮೇಲೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಮೆಲುದನಿಯಲ್ಲಿ ಹೇಳಿದವರು ಬಾಯಮ್ಮ. ಆ ದಾರಿಯಲ್ಲಿ ಪೊರ್ಬುಗಳು ನನ್ನ ಪ್ರಶ್ನೆಗೆ ಕೊಟ್ಟ ಉತ್ತರ, “ಮಳೆ ಬರುತ್ತದೆ, ಬೇಗ ನಡೆಯಿರಿ,” ಎಂದಷ್ಟೆ.

ಮನೆಯಲ್ಲಿ ತೆನೆಯನ್ನು ಅಲ್ತಾರಿನ ಮುಂದಿಟ್ಟು ಮೇಣದ ಬತ್ತಿ ಹಚ್ಚಿದರು. ದಿನವೂ ಸಂಜೆ ತೇರ್ಸ್ ಪ್ರಾರ್ಥನೆ ನಡೆಯುವುದೂ, ಅದು ಮುಗಿದ ಕೂಡಲೇ ಕಿರಿಯರು ಹಿರಿಯರೆದುರು ಕೈಜೋಡಿಸಿ ‘ಬೆಸಾಂವ್’ ಬೇಡುವುದೂ ಈ ಗೋಡೆಯ ಎದುರಿಗೇ. ಪ್ರಾರ್ಥನೆಯಾದ ಮೇಲೆ ಮನೆಯ ಯಜಮಾನನು ಕೈಯಾರೆ ಭತ್ತ ಸುಲಿಯಬೇಕು. ಆ ಅಕ್ಕಿಯನ್ನು ಅರೆದು ಬೆಲ್ಲ ಬೆರೆಸಿದ ತೆಂಗಿನ ಹಾಲಿಗೆ ಹಾಕಿ, ಹಿರಿಯರಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಎಲ್ಲರೂ ಸೇವಿಸಬೇಕು. ಒಬ್ಬರೂ ಬಿಟ್ಟುಹೋಗಬಾರದು. ಇದನ್ನೇ ‘ನೊವೆಂ’ ಎನ್ನುತ್ತಾರೆ. ಹೊಸತು ಎಂದು ಅರ್ಥ. ಪರವೂರಿನಲ್ಲಿರುವವರಿಗೆ ಕೆಲವು ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳುಹಿಸುವುದೂ ಉಂಟು. ಮೂರು ವರ್ಷವೂ ಅದನ್ನು ಬಾಯಮ್ಮನೇ, ಗಂಡನಿಗೆ ಕಾಣದಂತೆ, ಕಳುಹಿಸುತ್ತಿದ್ದರಂತೆ.

ಪೊರ್ಬುಗಳು ಕನ್ನಡಕವನ್ನು ಹಣೆಗೇರಿಸಿ ಒಂದೊಂದೇ ಕಾಳನ್ನು ಉಗುರಿನಿಂದ ಸುಲಿಯತೊಡಗಿದರು. ಬಟ್ಟಲಿನ ತುಂಬ ಕಾಳಾದರೂ ಅವರ ಕೈ ನಿಲ್ಲಲಿಲ್ಲ. ಮೊಮ್ಮಗಳು, “ಸಾಕಲ್ಲ ಅಜ್ಜ, ಹಸಿವಾಗುತ್ತದೆ!” ಎಂದಳು. “ಇರು ಮಗಾ, ಲೆಕ್ಕ ತಪ್ಪುತ್ತದೆ,” ಎಂದು ಅವರು ಇನ್ನಷ್ಟು ಸುಲಿದು ಪಕ್ಕದ ಕಾಗದದ ಚೂರಿನ ಮೇಲೆ ಬೇರೆಯಾಗಿ ಇಟ್ಟರು.

ಊಟ ಬಾಳೆಯೆಲೆಯ ಮೇಲೆ. ಪಲ್ಯಗಳ ಸಂಖ್ಯೆ ಬೆಸವಾಗಿರಬೇಕು. ಆ ಮನೆಯಲ್ಲಿ ಏಳು. ಬೆಂಡೆ, ಹೀರೆ, ತೊಂಡೆ, ಹಾಗಲ, ಹರಿವೆಯ ದಂಟು, ಮುಳ್ಳುಸೌತೆ, ಅಮಟೆಕಾಯಿ ಹಾಕಿದ ಕೆಸು. ಕೊನೆಗೆ ತೆಂಗಿನ ಹಾಲಿನ ವೊರ್ನ್ ಪಾಯಸ. ಕೆಸುವಿನ ರುಚಿಗೆ ನಾನು ನಾಚಿಕೆ ಬಿಟ್ಟು ಮೂರು ಸಲ ಬಡಿಸಿಕೊಂಡೆ.

ಮಧ್ಯಾಹ್ನ ಹೊರಡುವಾಗ ಜಗಲಿಯಲ್ಲಿ ಪೊರ್ಬುಗಳು ಲಕೋಟೆಯೊಂದನ್ನು ಮೊಣಕಾಲ ಮೇಲಿಟ್ಟುಕೊಂಡು ವಿಳಾಸ ಬರೆಯುತ್ತಿದ್ದರು. ಒಳಗೆ ಕಾಗದವೇನೂ ಇರಲಿಲ್ಲ, ಕಾಳಿನ ಪೊಟ್ಟಣವಷ್ಟೆ. ಅರ್ಧ ಬರೆದು ನಿಲ್ಲಿಸಿ, ಮಳೆಯ ಸದ್ದನ್ನು ಮೀರಿಸುವ ದನಿಯಲ್ಲಿ ಒಳಗೆ ಕೇಳುವಂತೆ ಕೂಗಿದರು: “ಇಗೋ, ಅವನ ಮನೆಯ ನಂಬರು ಎಷ್ಟು?”

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಬಾಯಮ್ಮ ಒದ್ದೆ ಕೈಯಲ್ಲಿಯೇ ಹೊರಗೆ ಬಂದರು.