ಕೋಳಿ ಫಾರಮ್ಮಿನ ಸುಣ್ಣ

ಎಸಿಯನ್ನು 24 ಡಿಗ್ರಿಗೆ ಇಡಿ, ಕರೆಂಟು ಉಳಿಯುತ್ತೆ ಅಂತ ಪ್ರತಿ ಬೇಸಿಗೆಯಲ್ಲೂ ಪತ್ರಿಕೆಯವರು ಬುದ್ಧಿ ಹೇಳುತ್ತಾರೆ. ಪೆರೇಸಂದ್ರದ ಸುತ್ತಲ ನಮ್ಮ ಕೇರಿಗಳಲ್ಲಿ ಆ ಬುದ್ಧಿಯನ್ನು ಎಲ್ಲಿ ಇಟ್ಟುಕೊಳ್ಳೋಣ? ಇಲ್ಲಿರುವುದು ಸಿಮೆಂಟ್ ಶೀಟು, ಅದರ ಕೆಳಗೊಂದು ಫ್ಯಾನು. ಮಧ್ಯಾಹ್ನ ಫ್ಯಾನು ಹಾಕಿದರೆ ಶೀಟಿನ ಕಾವನ್ನೇ ತಂದು ಮೈಮೇಲೆ ಸುರಿಯುತ್ತದೆ.

ಗುಡಿಸಲು ಹೋಗಿ ಶೀಟು ಬಂದಾಗ ನಮ್ಮ ಹಿರಿಯರು ಹಬ್ಬ ಮಾಡಿದರು. ಸರಿಯೇ. ಹುಲ್ಲಿನ ಮನೆ ತಂಪು ಅಂತ ಈಗ ಪೇಟೆಯವರು ಹೊಗಳುತ್ತಾರೆ. ಒಂದು ಕಿಡಿಗೆ ಬೂದಿಯಾಗುವ ತಂಪು ಅದು, ಮಳೆಗೆ ಸೋರುವ ತಂಪು. ನಮಗೆ ಬೇಡ. ಊರೊಳಗಿನ ಹಳೇ ಮನೆಗಳಿಗೆ ಕಲ್ಲುಚಪ್ಪಡಿ, ದಪ್ಪ ಗೋಡೆ, ಹಿತ್ತಲಲ್ಲಿ ಹೊಂಗೆಮರ. ನಮಗೆ ಸಿಕ್ಕ ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಹೊಂಗೆ ಸಸಿ ನೆಡುವಷ್ಟು ಮಣ್ಣೂ ಉಳಿಯಲಿಲ್ಲ. ನೆರಳೂ ಭೂಮಿಯ ಪ್ರಶ್ನೆಯೇ, ಗೆಳೆಯರೇ.

ಬಿ.ಎ. ಓದುವಾಗ ರಜೆಯಲ್ಲಿ ಕೋಳಿ ಫಾರಮ್ಮಿನ ಕೂಲಿಗೆ ಹೋಗುತ್ತಿದ್ದೆ. ಶಿವರಾತ್ರಿ ಕಳೆಯಿತೆಂದರೆ ಅಲ್ಲಿ ಮೊದಲ ಕೆಲಸ ಸೂರಿಗೆ ಸುಣ್ಣ ಬಳಿಯುವುದು. ಬಿಳುಪು ಬಿಸಿಲನ್ನು ವಾಪಸ್ಸು ಎಸೆಯುತ್ತದೆ. ಕೋಳಿಗೆ ಬೆವರಿಲ್ಲ, ಕಾವು ಏರಿದರೆ ಬಾಯಿ ತೆರೆದು ತೇಕಿ ತೇಕಿ ಸಾಯುತ್ತದೆ, ಸತ್ತರೆ ಮಾಲೀಕನಿಗೆ ಲುಕ್ಸಾನು. ಬಳಿದವರೆಲ್ಲ ಕೇರಿಯವರು. ಸಂಜೆ ಮನೆಗೆ ಬಂದರೆ ನಮ್ಮ ಶೀಟು ಕರ್ರಗೆ ಕಾದು ಕೂತಿರುತ್ತಿತ್ತು. "ಕೋಳಿಗಾದ್ರೆ ರೇಟೈತೆ, ನಮ್ಗೇನೈತೆ?" ಅಂದಳು ಅಮ್ಮ. ಕವಿತೆ ಬರೆಯುತ್ತೇನೆಂದು ತಿರುಗುವ ನನಗೆ ಆ ಮಾತಿನ ಪಕ್ಕ ಇಡುವಂಥ ಸಾಲು ಇನ್ನೂ ಸಿಕ್ಕಿಲ್ಲ.

ಆ ವರ್ಷವೇ ನಮ್ಮ ಸೂರಿಗೂ ಬಳಿದೆವು. ರೀತಿ ಹೇಳಿಬಿಡುತ್ತೇನೆ. ಸುಣ್ಣವನ್ನು ನೀರಲ್ಲಿ ಅರಳಿಸಿ, ಒಂದು ರಾತ್ರಿ ಬಿಟ್ಟು, ಸೋಸಿ, ಸ್ವಲ್ಪ ಫೆವಿಕಾಲ್ ಬೆರೆಸಿ, ಬೆಳಗಿನ ತಂಪಿನಲ್ಲಿ ಎರಡು ಸಲ ಬಳಿಯಬೇಕು. ಕಣ್ಣು ಜೋಪಾನ. ಹಳೇ ಶೀಟಿನ ಮೇಲೆ ಕಾಲಿಡಬೇಡಿ, ಮುರಿಯುತ್ತದೆ; ಏಣಿ ಹಾಕಿಕೊಂಡು ಉದ್ದ ಕೋಲಿಗೆ ಬ್ರಷ್ಷು ಕಟ್ಟಿ. ಒಣ ಶೀಟನ್ನು ಉಜ್ಜಲೂ ಬೇಡಿ, ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ವಿಷ. ಮಳೆಗೆ ತೊಳೆದುಹೋದರೆ ಮುಂದಿನ ವರ್ಷ ಮತ್ತೆ. ಬಾಗಿಲಿಗೆ ಒದ್ದೆ ಗೋಣಿತಾಟು ಕಟ್ಟಿದರೂ ನಮ್ಮ ಒಣಹವೆಗೆ ತಂಪೇ, ಆದರೆ ಕೊಳಾಯಿ ಮುಂದೆ ಬಿಂದಿಗೆ ಸಾಲು ಹಚ್ಚುವವರಿಗೆ ಆ ನೀರೂ ಲೆಕ್ಕ.

ಕರೆಂಟು ಪುಗಸಟ್ಟೆಯಲ್ಲವೇ ಅನ್ನುತ್ತಾರೆ ಕೆಲವರು. 2023ರಲ್ಲಿ ಗೃಹಜ್ಯೋತಿ ಬಂದಾಗಿನ ಲೆಕ್ಕ ನೋಡಿ: 200 ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ವರ್ಷದ ಸರಾಸರಿಯ ಮೇಲೆ ಶೇಕಡ 10. ತಿಂಗಳಿಗೆ 150 ಉರಿಸಿದವನಿಗೆ 165, 60 ಉರಿಸಿದವನಿಗೆ 66. ಮಾಮೂಲಿ ಫ್ಯಾನು 75 ವ್ಯಾಟು. ಬೇಸಿಗೆಯಲ್ಲಿ ದಿನಕ್ಕೆ ಹತ್ತು ಗಂಟೆ ಹೆಚ್ಚು ತಿರುಗಿದರೆ ತಿಂಗಳಿಗೆ 22 ಯೂನಿಟ್ಟು ಏರುತ್ತದೆ. ಕತ್ತಲಲ್ಲಿ ಬದುಕಿದವನಿಗೆ ಬೆಳಕೂ ಅಳೆದು ಸುರಿದದ್ದು.

ಪೆರೇಸಂದ್ರವನ್ನು ಹಾದು ಹೋಗುವ ಹೆದ್ದಾರಿ ಹೈದರಾಬಾದಿಗೆ ಮುಟ್ಟುತ್ತದೆ. ಅಲ್ಲಿ ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಸೂರಿನ ನೀತಿ ತಂದು, ಸರ್ಕಾರ ಕಟ್ಟಿಸುವ ಬಡವರ ಮನೆಗಳನ್ನೂ ಅದಕ್ಕೆ ಸೇರಿಸಿತು. ಅಹಮದಾಬಾದಿನಲ್ಲಿ 2010ರ ಬಿಸಿಲಿಗೆ ಜನ ಸತ್ತ ಮೇಲೆ 2013ರಲ್ಲಿ ಬಿಸಿಲಿಗೆಂದೇ ಯೋಜನೆಯಾಯಿತು. 2017ರಿಂದ ಕೊಳೆಗೇರಿಯ ಸೂರುಗಳಿಗೆ ಸುಣ್ಣ ಬಿತ್ತು. ಮುಂದಿನ ಗ್ರಾಮಸಭೆಯಲ್ಲಿ ನಾವು ಕೇಳುವುದು ಇಷ್ಟೇ: ಶಿವರಾತ್ರಿಯೊಳಗೆ ಪಂಚಾಯ್ತಿ ಖರ್ಚಿನಲ್ಲಿ ಕೇರಿಯ ಪ್ರತಿ ಶೀಟಿಗೂ ಸುಣ್ಣ, ಬಳಿದವರ ಕೈಗೆ ಕೂಲಿ.