ಎವೆಯಿಕ್ಕದ ಕಣ್ಣು

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ರೈಲುದಾರಿಯಲ್ಲಿ ಗಾದಿಗನೂರು ಒಂದು ಸಣ್ಣ ನಿಲ್ದಾಣ. ಸಂಡೂರಿನ ಗಣಿಸೀಮೆಗೆ ಸಮೀಪದ ಊರಾದುದರಿಂದ ಗಾಳಿ ಬೀಸಿದಾಗ ಕೆಂಪು ದೂಳು ಏಳುತ್ತದೆ. ದೂಳಿನ ಕಣವೊಂದು ಕಣ್ಣಿನ ಬಳಿ ಸುಳಿದರೆ ಸಾಕು, ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ. ರೆಪ್ಪೆಯ ಈ ಉಪಕಾರವನ್ನು ಯಾರೂ ನೆನೆಯುವುದಿಲ್ಲ.

ಅದೇ ದಾರಿಯಲ್ಲಿ ಮುಂದೆ ಸಾಗಿ ಹಂಪೆಯನ್ನು ಸೇರಿದವರು, ಎಂದೂ ಎವೆಯಿಕ್ಕದ ಎರಡು ಕಣ್ಣುಗಳನ್ನು ಕಾಣುತ್ತಾರೆ. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಒಂದೇ ಬಂಡೆಯಲ್ಲಿ ಕಡೆದ ನರಸಿಂಹನ ಕಣ್ಣುಗಳವು. ಹೊರಚಾಚಿದ ಆ ಗುಡ್ಡೆಗಳ ಮುಂದೆ ಯಾತ್ರಿಕರು ಬೆರಗಾಗಿ ನಿಲ್ಲುತ್ತಾರೆ. ಕಲ್ಲಿಗೆ ದೂಳಿನ ಭಯವಿಲ್ಲ. ಅದಕ್ಕೆ ರೆಪ್ಪೆಯ ಹಂಗೂ ಇಲ್ಲ.

ಕಣ್ಣುಗುಡ್ಡೆ ಹೊರಚಾಚಿದ ಮಕ್ಕಳೂ ಲೋಕದಲ್ಲಿದ್ದಾರೆ. ಅವರನ್ನು ಕಂಡಾಗ ಮಾತ್ರ ಜನರ ಬೆರಗು ಪಿಸುಮಾತಾಗುತ್ತದೆ. ಕೆಲವೊಮ್ಮೆ ಅಪಹಾಸ್ಯವೂ ಆಗುತ್ತದೆ. ಹಸುಳೆಯ ತಲೆಬುರುಡೆ ಒಂದೇ ಮೂಳೆಯಲ್ಲ. ಹಲವು ಮೂಳೆಗಳು ಅಂಚುಗಳಲ್ಲಿ ಸಡಿಲವಾಗಿ ಕೂಡಿರುತ್ತವೆ. ಎಣ್ಣೆ ಹಚ್ಚುವ ತಾಯಿಯ ಬೆರಳಿಗೆ ಮಗುವಿನ ನೆತ್ತಿ ಮೆತ್ತಗೆ ತಾಗುವುದು ಅದರಿಂದಲೇ. ಮಿದುಳು ಬೆಳೆದಂತೆ ಬುರುಡೆಯೂ ಹಿಗ್ಗಲೆಂದು ಪ್ರಕೃತಿ ಮಾಡಿದ ಏರ್ಪಾಡು ಅದು. ಕೆಲವು ಮಕ್ಕಳಲ್ಲಿ ಈ ಬೆಸುಗೆಗಳು ಕಾಲಕ್ಕೆ ಮೊದಲೇ ಗಟ್ಟಿಯಾಗಿಬಿಡುತ್ತವೆ. ಮುಖದ ಮೂಳೆಗಳೂ ಸರಿಯಾಗಿ ಬೆಳೆಯುವುದಿಲ್ಲ. ಫ್ರಾನ್ಸಿನ ವೈದ್ಯ ಕ್ರೂಜಾನ್ 1912ರಲ್ಲಿ ಒಬ್ಬ ತಾಯಿ ಮತ್ತು ಆಕೆಯ ಮಗನಲ್ಲಿ ಇಂತಹ ಲಕ್ಷಣಗಳನ್ನು ಗುರುತಿಸಿ ಬರೆದರು. ಅದಕ್ಕೆ ಕಾರಣ ವಂಶವಾಹಿಯಲ್ಲಾಗುವ ಒಂದು ಬದಲಾವಣೆಯೆಂದು ಇಂದು ತಿಳಿದಿದೆ. ಅದು ಗ್ರಹಣದ ಫಲವೂ ಅಲ್ಲ, ತಾಯಿಯ ತಪ್ಪೂ ಅಲ್ಲ.

ಕಣ್ಣಗೂಡು ಆಳವಾಗಿರದಿದ್ದರೆ ಗುಡ್ಡೆ ಮುಂದಕ್ಕೆ ಬರುತ್ತದೆ. ನಿದ್ದೆಯಲ್ಲಿಯೂ ರೆಪ್ಪೆಗಳು ಪೂರ್ತಿ ಕೂಡದೆ, ಕಣ್ಣಿನ ಪಾರದರ್ಶಕ ಪಟಲ ಒಣಗಿ ಹುಣ್ಣಾಗಬಹುದು. ಎರಡು ಕಣ್ಣುಗಳೂ ಒಂದೇ ಕಡೆಗೆ ತಿರುಗದಿದ್ದರೆ ಮಿದುಳು ಒಂದರ ನೋಟವನ್ನು ಕಡೆಗಣಿಸುತ್ತದೆ. ಆ ಕಣ್ಣು ಕ್ರಮೇಣ ಮಂದವಾಗುತ್ತದೆ. ಇವೆಲ್ಲಕ್ಕಿಂತ ಗುಪ್ತವಾದ ಅಪಾಯ ಇನ್ನೊಂದಿದೆ. ಬುರುಡೆಯೊಳಗಿನ ಒತ್ತಡ ಏರಿ ದೃಷ್ಟಿನರ ಸೊರಗಬಹುದು. ಕಣ್ಣು ನೋಯದೆಯೂ ನೋಟ ಕುಂದುತ್ತಾ ಹೋಗಬಹುದು. ಮಗು ದೂರುವುದಿಲ್ಲ. ಲೋಕ ಇರುವುದೇ ಹೀಗೆ ಮಸುಕಾಗಿ ಎಂದು ಅದು ತಿಳಿದಿರುತ್ತದೆ. ಸುತ್ತಲಿನವರೆಲ್ಲರೂ ಅದರ ಮುಖವನ್ನು ನೋಡುತ್ತಾರೆ. ಅದಕ್ಕೆ ಏನು ಕಾಣುತ್ತಿದೆಯೆಂದು ಕೇಳುವವರು ವಿರಳ.

ಕೇಳಿದರೆ ದಾರಿಯುಂಟು. ಒಣಗುವ ಕಣ್ಣಿಗೆ ಔಷಧದ ಹನಿ, ಮುಲಾಮುಗಳಿವೆ. ಮಂದವಾದ ಕಣ್ಣಿಗೆ ಕನ್ನಡಕವಿದೆ. ಚೆನ್ನಾಗಿರುವ ಕಣ್ಣನ್ನು ದಿನದಲ್ಲಿ ಕೆಲವು ಗಂಟೆ ಮುಚ್ಚಿ ಮಂದವಾದುದಕ್ಕೆ ಕೆಲಸ ಕಲಿಸುವ ಚಿಕಿತ್ಸೆಯೂ ಇದೆ. ಇದು ಎಳೆಯ ವಯಸ್ಸಿನಲ್ಲಿಯೇ ಹೆಚ್ಚು ಫಲಕಾರಿ. ಬುರುಡೆ ಮತ್ತು ಮುಖದ ಮೂಳೆಗಳನ್ನು ಬಿಡಿಸಿ ಕಣ್ಣಗೂಡನ್ನು ಸರಿಪಡಿಸಬಹುದೆಂದು ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಟೆಸಿಯೆ 1967ರಲ್ಲಿ ರೋಮ್ ನಗರದ ಸಮ್ಮೇಳನದಲ್ಲಿ ತೋರಿಸಿಕೊಟ್ಟರು. ಭಾರತದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ.

ಆದರೆ ವೈದ್ಯರು ಬರುವುದು ಯಾವಾಗಲೋ ಒಮ್ಮೆ. ಸಹಪಾಠಿ ಕುಳಿತಿರುವುದು ದಿನವೂ ಪಕ್ಕದಲ್ಲಿ. ಕಲ್ಲಿನ ಕಣ್ಣಿಗೆ ನೋಡುವವರ ಬೆರಗು ಸಾಕು. ಮಗುವಿನ ಕಣ್ಣಿಗೆ ಆರೈಕೆ ಬೇಕು. ಆ ಆರೈಕೆ ತರಗತಿಯ ಬೆಂಚಿನಲ್ಲಿಯೇ, ಒಂದು ಸಣ್ಣ ಪ್ರಶ್ನೆಯಿಂದ ಮೊದಲಾಗಬಹುದು: “ಕರಿಹಲಗೆಯ ಮೇಲಿನ ಅಕ್ಷರ ನಿನಗೆ ಕಾಣುತ್ತಿದೆಯೆ?”